ಹಳ್ಳದ ದಂಡೆಯ ಒಪ್ಪಂದ: ಆರು ವರ್ಷ ಆದ ಮೇಲೆ ನನ್ನ ರಿವ್ಯೂ

ನಾನು ಪಂಪ್ ರಿಪೇರಿ ಮಾಡುವವನು. ಮೂವತ್ತೆರಡು ವರ್ಷದಿಂದ ಇದೇ ಕೆಲಸ. ಹೊಳೆಯ ನೀರಿನಲ್ಲಿ ಹೂಳು ಎಷ್ಟಿದೆ ಅಂತ ತಿಳಿಯೋಕೆ ನನಗೆ ಲ್ಯಾಬ್ ರಿಪೋರ್ಟ್ ಬೇಕಾಗಿಲ್ಲ. ಪಂಪ್ ಬಿಚ್ಚಿ ಇಂಪೆಲ್ಲರ್ (ಒಳಗೆ ತಿರುಗಿ ನೀರು ತಳ್ಳುವ ಚಕ್ರ) ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರೆ ಸಾಕು. ಮಣ್ಣುನೀರು ಎಳೆದೂ ಎಳೆದೂ ಅದು ಬ್ಲೇಡಿನ ಹಾಗೆ ತೆಳ್ಳಗಾಗಿರುತ್ತದೆ. ಸೀಲ್ ತೆಗೆದರೆ ಒಳಗೆ ನುಣ್ಣನೆಯ ಕೆಸರು. ರೋಗಾಣುವಿನ ಮಾತು ಬೇರೆ, ಅದಕ್ಕೆ ಲ್ಯಾಬೇ ಬೇಕು. ನಾನು ಹೇಳುತ್ತಿರುವುದು ಮಣ್ಣಿನ ಲೆಕ್ಕ.

ಆದರೆ ಈ ರಿವ್ಯೂ ಪಂಪಿನದಲ್ಲ. ನನಗೂ ಅಕ್ಕನಿಗೂ ಜಂಟಿಯಾಗಿ ಬಂದ ಹನ್ನೊಂದು ಎಕರೆ ಜಮೀನಿದೆ. ಅದರ ಒಂದು ಅಂಚಿಗೆ ಹಳ್ಳ ಹರಿಯುತ್ತದೆ. ಆರು ವರ್ಷದ ಹಿಂದೆ ಒಂದು ಭೂ ಸಂರಕ್ಷಣಾ ಟ್ರಸ್ಟ್ ಜೊತೆ ಆ ದಂಡೆಯನ್ನು ಕಾಪಾಡುವ ಒಪ್ಪಂದ ಮಾಡಿಕೊಂಡೆವು. ಹಳ್ಳದ ಕೆಳಗಿನ ಪಟ್ಟಣದ ನೀರು ಸರಬರಾಜಿನವರೂ ಅದರಲ್ಲಿ ಪಾಲುದಾರರು, ಖರ್ಚಿನ ಒಂದು ಭಾಗ ಅವರದು. ಟ್ರಸ್ಟಿನ ಹೆಸರು ಹೇಳುವುದಿಲ್ಲ. ಮುಂದೆ ಒಂದೆರಡು ದೂರು ಹೇಳುವುದಿದೆ. ಆದರೆ ಎಲ್ಲೇ ಇಂಥ ಒಪ್ಪಂದಕ್ಕೆ ಕೈ ಹಾಕುವವರಿಗೂ ಇದು ಉಪಯೋಗಕ್ಕೆ ಬಂದೀತು.

ಮೊದಲು, ಇದು ಏನು ಅಂತ. ಜಮೀನು ಮಾರುವುದಲ್ಲ, ಲೀಸಿಗೆ ಕೊಡುವುದೂ ಅಲ್ಲ. ಜಮೀನು ಅಂದರೆ ಒಂದು ಬೀಗದ ಕೈ ಗೊಂಚಲು ಅಂದುಕೊಳ್ಳಿ. ಉಳುವ ಹಕ್ಕು ಒಂದು ಕೀ, ಮನೆ ಕಟ್ಟುವ ಹಕ್ಕು ಇನ್ನೊಂದು, ಮರ ಕಡಿಯುವುದು, ಮರಳು ತೆಗೆಯುವುದು, ಮಾರುವುದು, ಮಕ್ಕಳಿಗೆ ಬಿಡುವುದು, ಹೀಗೆ. ನಾವು ಗೊಂಚಲಿನಿಂದ ಮೂರು ನಾಲ್ಕು ಕೀ ಬಿಡಿಸಿ ಅವರ ಕೈಗೆ ಕೊಟ್ಟೆವು. ಅವರೂ ಅದನ್ನು ಬಳಸುವಂತಿಲ್ಲ, ಸುಮ್ನೆ ಇಟ್ಟುಕೊಳ್ಳಬೇಕು ಅಷ್ಟೇ. ಹಳ್ಳದಿಂದ 30 ಮೀಟರ್ ಒಳಗೆ ಕಟ್ಟಡ ಬೇಡ, ಉಳುಮೆ ಬೇಡ, ಮರ ಕಡಿಯುವುದು ಬೇಡ, ದನ ಇಳಿಸುವುದು ಬೇಡ. ಉಳಿದದ್ದೆಲ್ಲ ನಮ್ಮದೇ. ನಾಳೆ ಮಾರಿದರೂ ಆ ಷರತ್ತು ಜಮೀನಿನ ಜೊತೆಗೇ ಹೋಗುತ್ತದೆ.

ಅವಧಿ ಅನ್ನುವ ಜಾಗದಲ್ಲಿ ‘ಶಾಶ್ವತ’ ಅಂತ ಇತ್ತು. ಆ ಒಂದು ಪದದ ಮೇಲೆ ನಮ್ಮ ಮನೆಯಲ್ಲಿ ಎರಡು ತಿಂಗಳು ಮಾತುಕತೆ ನಡೆಯಿತು.

“ಶಾಶ್ವತ ಅಂದ್ರೆ ಎಷ್ಟು ವರ್ಷ ಕಣೋ?” ಅಂತ ಅಕ್ಕ ಕೇಳಿದಳು.

“ಶಾಶ್ವತ ಅಂದ್ರೆ ಶಾಶ್ವತ ಅಕ್ಕ.”

“ನಿನ್ನ ಪಂಪಿಗೆ ಒಂದು ವರ್ಷ ಗ್ಯಾರಂಟಿ ಕೊಡೋಕೆ ಹತ್ತು ಸಲ ಯೋಚನೆ ಮಾಡ್ತೀಯ. ಇದಕ್ಕೆ ಸಹಿ ಹಾಕ್ತೀಯಾ?”

ಉತ್ತರ ಇರಲಿಲ್ಲ. ಕೊನೆಗೆ ನಮ್ಮದೇ ಒಬ್ಬ ವಕೀಲರ ಹತ್ತಿರ ಹೋದೆವು. ಇದು ನನ್ನ ಮೊದಲ ಸಲಹೆ. ಟ್ರಸ್ಟಿನ ವಕೀಲರು ಎಷ್ಟೇ ಒಳ್ಳೆಯವರಾಗಿರಲಿ, ಅವರು ಟ್ರಸ್ಟಿನ ವಕೀಲರು. ನಮ್ಮವರು ಕರಡು ಓದಿ ಒಂದು ದೊಡ್ಡ ತೂತು ಹಿಡಿದರು. ನಮ್ಮ ಹಳೇ ಪಂಪ್‌ಹೌಸ್ ಆ 30 ಮೀಟರ್ ಒಳಗೇ ಇದೆ. ಅದನ್ನು ರಿಪೇರಿ ಮಾಡುವ ಹಕ್ಕು ಎಲ್ಲೂ ಬರೆದಿರಲಿಲ್ಲ. ಗೋಡೆ ಬಿದ್ದರೆ ಮತ್ತೆ ಎಬ್ಬಿಸುವಂತಿರಲಿಲ್ಲ! ಪಂಪ್ ಮೆಕ್ಯಾನಿಕ್ ಸ್ವಂತ ಪಂಪ್‌ಹೌಸ್ ಮುಟ್ಟಬಾರದು ಅಂದರೆ ನಗುವುದೋ ಅಳುವುದೋ. ಎರಡು ಸಾಲು ಸೇರಿಸಿದರು. ಅದಕ್ಕೆ ಟ್ರಸ್ಟಿನವರು ತಕರಾರು ಮಾಡಲಿಲ್ಲ, ಆದರೆ ಕಾಗದ ವಾಪಸ್ ಬರೋಕೆ ಏಳು ತಿಂಗಳು ತೆಗೆದುಕೊಂಡರು. ಕಾಗದಪತ್ರದ ವೇಗಕ್ಕೆ ನಾನು ಕೊಡುವುದು ಐದರಲ್ಲಿ ಒಂದೇ ಸ್ಟಾರ್.

ಪಟ್ಟಣದವರು ನಮ್ಮ ಹಳ್ಳಕ್ಕೆ ಯಾಕೆ ದುಡ್ಡು ಹಾಕುತ್ತಾರೆ ಅನ್ನುವುದು ಅಕ್ಕನ ಎರಡನೇ ಪ್ರಶ್ನೆ. ಪುಗಸಟ್ಟೆ ಯಾರು ಏನು ಕೊಡುತ್ತಾರೆ ಅಲ್ವಾ? ಇದಕ್ಕೆ ಉತ್ತರ ಕೊಟ್ಟವಳು ಟ್ರಸ್ಟಿನಿಂದ ಬಂದಿದ್ದ ಹುಡುಗಿ. ನ್ಯೂಯಾರ್ಕ್ ನಗರದ ಕಥೆ ಹೇಳಿದಳು. ಆಮೇಲೆ ನಾನೂ ಓದಿ ನೋಡಿದೆ, ನಿಜ. ಅಲ್ಲಿಯ ಕುಡಿಯುವ ನೀರಿನ ಹೆಚ್ಚಿನ ಪಾಲು ನಗರದಿಂದ ಇನ್ನೂರು ಕಿಲೋಮೀಟರ್‌ವರೆಗೂ ದೂರ ಇರುವ ಕ್ಯಾಟ್‌ಸ್ಕಿಲ್ ಗುಡ್ಡಗಳ ಕಡೆಯಿಂದ ಬರುತ್ತದೆ. 1989ರಲ್ಲಿ ಅಮೆರಿಕದಲ್ಲಿ ಹೊಸ ನಿಯಮ ಬಂತು. ಹೊಳೆ, ಕೆರೆಯ ನೀರನ್ನು ಸೋಸಿಯೇ ಕೊಡಬೇಕು, ಇಲ್ಲದಿದ್ದರೆ ಮೂಲದಲ್ಲೇ ನೀರು ಚೆನ್ನಾಗಿ ಕಾಪಾಡಿಕೊಂಡಿದ್ದೇವೆ ಅಂತ ತೋರಿಸಬೇಕು. ಸೋಸುವ ಘಟಕ ಕಟ್ಟೋಕೆ 600 ಕೋಟಿ ಡಾಲರ್ ಮೇಲೆಯೇ ಆಗುತ್ತದೆ ಅಂತ ಅಂದಾಜು ಬಂತು. ಅದನ್ನು ನಡೆಸುವ ಖರ್ಚು ಪ್ರತಿ ವರ್ಷ ಬೇರೆ. ಅದರ ಬದಲು ನಗರದವರು ಗುಡ್ಡದ ಮೇಲಿನ ಜನರ ಜೊತೆ ಮಾತಿಗೆ ಕೂತರು.

ಮೊದಲು ಜಗಳವೇ ಆಯಿತು. ಹಿಂದೆ ಜಲಾಶಯ ಕಟ್ಟುವಾಗ ನಗರ ಅಲ್ಲಿನ ಊರುಗಳನ್ನೇ ಎಬ್ಬಿಸಿತ್ತು, ಆ ಸಿಟ್ಟು ಇನ್ನೂ ಆರಿರಲಿಲ್ಲ. 1990ರಲ್ಲಿ ಹೊಸ ಕಟ್ಟುಪಾಡು ಹೇರಲು ಹೋದಾಗ ರೈತರು ಒಪ್ಪಲಿಲ್ಲ. ಆಮೇಲೆ ರೈತರದೇ ಒಂದು ಮಂಡಳಿ ಆಯಿತು, ಯೋಜನೆ ಅವರದು, ದುಡ್ಡು ನಗರದ್ದು. 1997ರಲ್ಲಿ ನಗರ, ರಾಜ್ಯ, ಕೇಂದ್ರದ ಪರಿಸರ ಸಂಸ್ಥೆ, ಮೇಲಿನ ಊರುಗಳು, ಪರಿಸರ ಸಂಘಟನೆಗಳು ಎಲ್ಲರೂ ಸಹಿ ಹಾಕಿದರು. ಮಾರಲು ಮನಸ್ಸಿರುವವರಿಂದ ಮಾತ್ರ ಜಮೀನು ಅಥವಾ ಹಕ್ಕು ಕೊಳ್ಳಬೇಕು, ಅದೂ ಮಾರುಕಟ್ಟೆ ಬೆಲೆಗೆ. ಅಲ್ಲಿಂದ ಇಲ್ಲಿಯವರೆಗೆ ಒಂದು ಲಕ್ಷ ಎಕರೆಗೂ ಜಾಸ್ತಿ ಜಮೀನು ಹೀಗೆ ಉಳಿದಿದೆ. ಆ ಕಡೆಯ ನೀರು ಇವತ್ತಿಗೂ ಸೋಸದೆಯೇ ನಗರಕ್ಕೆ ಹೋಗುತ್ತದೆ. ರೋಗಾಣು ಕೊಲ್ಲೋಕೆ ಕ್ಲೋರಿನ್ ಹಾಕುತ್ತಾರೆ, ನೇರಳಾತೀತ ಬೆಳಕಿನಲ್ಲಿ ಹಾಯಿಸುತ್ತಾರೆ.

ಇದನ್ನು ಕೇಳಿ ಅಕ್ಕ “ಹಾಗಾದ್ರೆ ಅವರಿಗೆ ಲಾಭ ಇದೆ” ಅಂದಳು. ಎದುರಿನವರಿಗೂ ಲಾಭ ಇದ್ದರೆ ವ್ಯವಹಾರ ನಿಲ್ಲುತ್ತದೆ ಅನ್ನುವುದು ಅವಳ ಲೆಕ್ಕ. ಸಹಿ ಹಾಕಿದಳು.

ಸಹಿಯ ಮೊದಲು ಆ ಹುಡುಗಿ ಎರಡು ದಿನ ಜಮೀನು ಸುತ್ತಿದಳು. ಜಿಪಿಎಸ್ ಹಿಡಿದು ನಲವತ್ತಾರು ಫೋಟೋ ತೆಗೆದಳು. ಪ್ರತಿ ಫೋಟೋಗೂ ಎಲ್ಲಿ ನಿಂತು, ಯಾವ ದಿಕ್ಕಿಗೆ ಅಂತ ಬರೆದುಕೊಂಡಳು. ದನ ಇಳಿದೂ ಇಳಿದೂ ಕುಸಿದ ದಂಡೆ, ಮುರಿದ ಬೇಲಿ, ನನ್ನ ಪಂಪ್‌ಹೌಸಿನ ಹಿಂದೆ ಬಿದ್ದಿದ್ದ ಹಳೇ ಕೇಸಿಂಗ್ ಪೈಪ್, ಏನೂ ಬಿಡಲಿಲ್ಲ. ಮುಂದೆ ಎಂದಾದರೂ ‘ಇದು ಮೊದಲೇ ಹೀಗಿತ್ತು’, ‘ಇಲ್ಲ, ನೀವೇ ಮಾಡಿದ್ದು’ ಅಂತ ವಾದ ಬಂದರೆ ಈ ಫೋಟೋಗಳೇ ಸಾಕ್ಷಿ. ಈ ಕೆಲಸಕ್ಕೆ ಪೂರ್ತಿ ಅಂಕ. ಪೈಪಿನ ಫೋಟೋ ನೋಡಿ ನನಗೇ ನಾಚಿಕೆಯಾಗಿ ಮಾರನೇ ದಿನ ಗುಜರಿಗೆ ಹಾಕಿದೆ.

ಆಮೇಲೆ ಬೇಲಿ ಬಂತು. ಬೇಲಿಯ ಬಗ್ಗೆ ಹೇಳುವಂಥದ್ದೇನಿಲ್ಲ, ಬೇಲಿ ಬೇಲಿಯ ಹಾಗಿದೆ. ಆದರೆ ದನ ಹಳ್ಳಕ್ಕೆ ಇಳಿಯಬಾರದು ಅಂದ ಮೇಲೆ ಅವಕ್ಕೆ ನೀರು ಬೇರೆ ಕಡೆ ಬೇಕಲ್ಲ. ಅದಕ್ಕೆ ಅವರು ಕೊಟ್ಟದ್ದು ಮೂಗಿನ ಪಂಪ್. ಇದರ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಕ್ಷಮಿಸಿ.

ಕರೆಂಟಿಲ್ಲ, ಸೋಲಾರಿಲ್ಲ. ಒಂದು ಎರಕದ ಬೋಗುಣಿ, ಅದರ ಒಳಗೆ ಒಂದು ಲಿವರ್, ಹಿಂದೆ ಡಯಾಫ್ರಂ ಅನ್ನುವ ರಬ್ಬರ್ ಪೊರೆ. ಹಳ್ಳದಿಂದ ಒಂದು ಹೋಸ್, ತುದಿಗೆ ಫುಟ್‌ವಾಲ್ವ್, ಅಂದರೆ ಎಳೆದ ನೀರು ವಾಪಸ್ ಹೋಗದ ಹಾಗೆ ತಡೆಯುವ ವಾಲ್ವ್. ಬೋಗುಣಿಯ ತಳದಲ್ಲಿ ಚೂರು ನೀರು ಯಾವಾಗಲೂ ಉಳಿದಿರುತ್ತದೆ. ಹಸು ಅದನ್ನು ಕುಡಿಯಲು ಮೂತಿ ಹಾಕುತ್ತದೆ, ಲಿವರ್ ಅಡ್ಡ ಬರುತ್ತದೆ, ಮೂಗಿನಲ್ಲಿ ತಳ್ಳುತ್ತದೆ. ತಳ್ಳಿದಾಗ ಡಯಾಫ್ರಂ ಎಳೆದು ನೀರು ಬರುತ್ತದೆ. ಒಂದು ತಳ್ಳಿಗೆ ಅರ್ಧ ಲೀಟರ್‌ನಷ್ಟು. ಇಷ್ಟೇ. ಮೂವತ್ತೆರಡು ವರ್ಷದಲ್ಲಿ ನಾನು ನೋಡಿದ ಪಂಪ್‌ಗಳಲ್ಲಿ ಮೋಟರ್ ಇಲ್ಲದೆ, ಆಪರೇಟರ್‌ಗೆ ಸಂಬಳ ಇಲ್ಲದೆ ಓಡುವ ಪಂಪ್ ಇದೊಂದೇ.

ನಮ್ಮ ಒಂಬತ್ತು ದನಗಳಲ್ಲಿ ಹಿರಿಯ ಹಸು ಮೊದಲ ಸಂಜೆಯೇ ಕಲಿಯಿತು. ಉಳಿದವು ಅದನ್ನು ನೋಡಿ ನಾಲ್ಕೈದು ದಿನದಲ್ಲಿ. ಒಂದು ಹೋರಿಗೆ ಮಾತ್ರ ಎರಡು ವಾರ ಬೇಕಾಯಿತು. ಅದು ಲಿವರನ್ನು ತಳ್ಳುವ ಬದಲು ನೆಕ್ಕುತ್ತಿತ್ತು. ಎಳೆ ಕರುಗಳಿಗೆ ತಳ್ಳುವ ಶಕ್ತಿ ಸಾಲದು, ಅವಕ್ಕೆ ಬಕೆಟ್ ಇಡಲೇಬೇಕು. ಇದನ್ನು ಟ್ರಸ್ಟಿನವರು ಮೊದಲೇ ಹೇಳಬೇಕಿತ್ತು. ಇನ್ನೊಂದು, ಜೊತೆಗೆ ಬಂದ ಫುಟ್‌ವಾಲ್ವ್ ಕಳಪೆ. ಸಣ್ಣ ಕಲ್ಲು ಸಿಕ್ಕಿಕೊಂಡು ಮೂರನೇ ವಾರಕ್ಕೇ ಏರ್ ಹಿಡಿಯಿತು. ನಾನು ಅದನ್ನು ಬಿಸಾಕಿ ಹಿತ್ತಾಳೆಯದು ಹಾಕಿ, ಸುತ್ತ ಒಂದು ಜಾಲರಿ ಬುಟ್ಟಿ ಕಟ್ಟಿದೆ. ಅಲ್ಲಿಂದ ಈವರೆಗೆ ಬಿಚ್ಚಿಲ್ಲ. ಪಂಪ್ ರಿಪೇರಿ ಗೊತ್ತಿಲ್ಲದವರು ಏನು ಮಾಡಬೇಕು ಅನ್ನುವುದಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ.

ಈಗ ದೂರಿನ ಮಾತು.

ದಂಡೆಯ ಉದ್ದಕ್ಕೂ ಗಿಡ ನೆಟ್ಟರು. ಪ್ರತಿ ಸಸಿಗೂ ಸುತ್ತ ಒಂದು ಪ್ಲಾಸ್ಟಿಕ್ ಕೊಳವೆ, ಪಕ್ಕದಲ್ಲಿ ಒಂದು ಗೂಟ. ಕೊಳವೆ ಇದ್ದರೆ ಇಲಿ, ಮೊಲ ತಿನ್ನುವುದಿಲ್ಲ, ಸಸಿ ನೆಟ್ಟಗೆ ಬೆಳೆಯುತ್ತದೆ. ಸರಿ. ನೆಟ್ಟದ್ದು ಮಳೆಗಾಲಕ್ಕೆ ಮೂರು ವಾರ ಮೊದಲು. ಬೇರು ಹಿಡಿಯುವ ಮೊದಲೇ ಹಳ್ಳ ಏರಿತು. ಮಾರನೇ ದಿನ ನೋಡಿದರೆ ಕೆಳಗಿನ ಎರಡು ಸಾಲು ಪೂರ್ತಿ ಇಲ್ಲ. ಸಸಿ ಹೋಗಲಿ, ಇನ್ನೊಂದು ನೆಡಬಹುದು. ಆದರೆ ಆ ಕೊಳವೆಗಳೆಲ್ಲ ಹಳ್ಳದ ಪಾಲು! ನದಿ ಕಾಪಾಡೋಕೆ ಬಂದವರ ಕೈಯಿಂದ ನದಿಗೆ ಒಂದು ಲಾರಿ ಪ್ಲಾಸ್ಟಿಕ್. ನಾನು ಫೋನ್ ಮಾಡಿದೆ, ಮೇಲ್ ಮಾಡಿಸಿದೆ. ‘ತಂಡ ಕಳಿಸುತ್ತೇವೆ’ ಅಂದರು. ಆರು ತಿಂಗಳಾದರೂ ತಂಡ ಬರಲಿಲ್ಲ. ಕೊನೆಗೆ ನಾನು, ಅಕ್ಕನ ಮಗ ಇಬ್ಬರೂ ಗೋಣಿಚೀಲ ಹಿಡಿದು ಎರಡು ಭಾನುವಾರ ಹಳ್ಳದಲ್ಲಿ ನಡೆದು ಸಿಕ್ಕಷ್ಟು ಹೆಕ್ಕಿದೆವು. ಸಿಕ್ಕದ್ದು ಅರ್ಧ ಇರಬಹುದು. ಇದಕ್ಕೆ ಸ್ಟಾರ್ ಕೊಡುವ ಪ್ರಶ್ನೆಯೇ ಇಲ್ಲ.

ಎರಡನೆಯದು ಇನ್ನೂ ದೊಡ್ಡ ತಪ್ಪು, ಆದರೆ ಅದು ಎಲ್ಲರೂ ಮಾಡುವ ತಪ್ಪು. ನಕ್ಷೆಯಲ್ಲಿ ಹಳ್ಳದ ಉದ್ದಕ್ಕೂ ಒಂದೇ ಅಗಲದ ಹಸಿರು ಪಟ್ಟಿ ಎಳೆದಿದ್ದರು, ಸ್ಕೇಲ್ ಇಟ್ಟ ಹಾಗೆ. ಮಳೆ ನೀರು ಸ್ಕೇಲ್ ನೋಡಿಕೊಂಡು ಹರಿಯುವುದಿಲ್ಲ. ಇಳಿಜಾರಿನ ನೀರೆಲ್ಲ ಒಂದು ಕಡೆ ಸೇರಿ ಕೊರಕಲಾಗಿ ಹಳ್ಳಕ್ಕೆ ಬೀಳುತ್ತದೆ. ನಮ್ಮಲ್ಲಿ ಅಂಥದ್ದು ಎರಡಿವೆ. ಉಳಿದ ಪಟ್ಟಿಯಲ್ಲಿ ಹುಲ್ಲು, ಗಿಡ ಎಷ್ಟೇ ದಟ್ಟವಾಗಿ ಬೆಳೆದರೂ ಮಣ್ಣುನೀರು ಅದರ ಮೇಲೆ ಹಾಯುವುದೇ ಇಲ್ಲ. ಅದು ಕೊರಕಲಿನ ದಾರಿ ಹಿಡಿದು ಸೀದಾ ಹಳ್ಳಕ್ಕೆ. ಸೋರುವ ಗ್ಲಾಂಡ್ (ಶಾಫ್ಟಿನ ಸುತ್ತ ನೀರು ತಡೆಯುವ ಭಾಗ) ಬಿಟ್ಟು ಪೈಪಿನ ಉದ್ದಕ್ಕೂ ಟೇಪ್ ಸುತ್ತಿದ ಹಾಗಾಯಿತು.

ಮೊದಲ ವರ್ಷದ ಭೇಟಿಯಲ್ಲಿ ಆ ಹುಡುಗಿಗೆ ಇದನ್ನು ತೋರಿಸಿದೆ. ಜೋರು ಮಳೆ ಬರುತ್ತಿತ್ತು, ಅದೇ ಅನುಕೂಲವಾಯಿತು. ಕೊರಕಲಿನ ನೀರು ಚಾಕೊಲೇಟ್ ಬಣ್ಣ, ಪಕ್ಕದ ಹುಲ್ಲಿನ ಮೇಲಿನ ನೀರು ತಿಳಿ. ಅವಳು ಕೊಡೆ ಹಿಡಿದುಕೊಂಡು ಒಂದು ನಿಮಿಷ ಸುಮ್ನೆ ನೋಡಿದಳು. “ಸರ್, ನಕ್ಷೆ ತಪ್ಪಿದೆ” ಅಂದಳು. ಒಂದು ಸಂಸ್ಥೆಯ ಮನುಷ್ಯರ ಬಾಯಲ್ಲಿ ನಾನು ಈ ಮಾತು ಕೇಳಿದ್ದು ಅದೇ ಮೊದಲು. ಮುಂದಿನ ವರ್ಷ ಎರಡೂ ಕೊರಕಲಿಗೆ ಅಡ್ಡಲಾಗಿ ಸಣ್ಣ ಕಲ್ಲಿನ ಒಡ್ಡು ಹಾಕಿ, ಮೇಲ್ಗಡೆ ಲಾವಂಚದ ಸಾಲು ಕೂರಿಸಿದರು. ಲಾವಂಚದ ಬೇರು ಪಕ್ಕಕ್ಕೆ ಹರಡುವುದಕ್ಕಿಂತ ನೇರ ಕೆಳಗಿಳಿಯುವುದು ಜಾಸ್ತಿ, ಮೂರು ಮೀಟರ್‌ವರೆಗೂ ಹೋಗುತ್ತದೆ. ಒತ್ತಾಗಿ ನೆಟ್ಟ ಸಾಲು ಜರಡಿಯ ಹಾಗೆ ನೀರು ಬಿಟ್ಟು ಮಣ್ಣು ಹಿಡಿಯುತ್ತದೆ. ಈಗ ಒಡ್ಡಿನ ಹಿಂದೆ ಮೊಣಕಾಲುದ್ದ ಮಣ್ಣು ನಿಂತಿದೆ. ಅದು ನನ್ನ ಹೊಲದ ಮಣ್ಣು. ಮೊದಲಾಗಿದ್ದರೆ ಪಟ್ಟಣದವರ ಪಂಪಿನಲ್ಲಿ ಇರುತ್ತಿತ್ತು.

ಹೀಗೆ ವರ್ಷಕ್ಕೊಮ್ಮೆ ಬರುತ್ತಾರಲ್ಲ, ನನ್ನ ಪ್ರಕಾರ ಈ ಸೇವೆಯಲ್ಲಿ ದುಡ್ಡಿಗೆ ತಕ್ಕ ಭಾಗ ಅದೇ. ಗಿಡ ಯಾರು ಬೇಕಾದರೂ ನೆಡುತ್ತಾರೆ. ನೆಟ್ಟು ಫೋಟೋ ತೆಗೆದು ಹೋದವರು ಮತ್ತೆ ಬರುವುದು ಅಪರೂಪ. ಇವರು ಆರು ವರ್ಷದಲ್ಲಿ ಆರು ಸಲ ಬಂದಿದ್ದಾರೆ. ಅದೇ ನಲವತ್ತಾರು ಜಾಗದಲ್ಲಿ ನಿಂತು ಅದೇ ದಿಕ್ಕಿಗೆ ಮತ್ತೆ ಫೋಟೋ. ಆಮೇಲೆ ಹಳ್ಳಕ್ಕೆ ಇಳಿಯುತ್ತಾರೆ. ಒಂದು ಉದ್ದನೆಯ ಪಾರದರ್ಶಕ ಕೊಳವೆ, ತಳದಲ್ಲಿ ಕಪ್ಪು ಬಿಳುಪಿನ ಬಿಲ್ಲೆ. ಹಳ್ಳದ ನೀರು ತುಂಬಿ, ಮೇಲಿನಿಂದ ಒಂದೇ ಕಣ್ಣಿನಲ್ಲಿ ಇಣುಕುತ್ತಾ ಕೆಳಗಿನ ನಲ್ಲಿಯಿಂದ ನೀರು ಬಿಡುತ್ತಾ ಹೋಗುತ್ತಾರೆ. ಬಿಲ್ಲೆ ಕಂಡ ತಕ್ಷಣ ನಿಲ್ಲಿಸಿ ಎಷ್ಟು ಸೆಂಟಿಮೀಟರ್ ಅಂತ ಓದುತ್ತಾರೆ. ಮೊದಲ ವರ್ಷ ಹದಿನಾಲ್ಕಕ್ಕೆ ಕಂಡಿತ್ತು. ಕಳೆದ ವರ್ಷ ನಲವತ್ತು ದಾಟಿತ್ತು. ಒಂದೇ ಹಳ್ಳ, ಒಂದೇ ಜಾಗ, ಆದರೆ ಮಳೆ ಬೇರೆ ಬೇರೆ, ಹಾಗಾಗಿ ನಾನು ಇದನ್ನೇ ದೊಡ್ಡದು ಮಾಡುವುದಿಲ್ಲ.

ನನಗೆ ಇಷ್ಟವಾದದ್ದು ಕಲ್ಲು ಮಗುಚುವುದು. ಹರಿವಿನಲ್ಲಿರುವ ಕಲ್ಲನ್ನು ಮೆಲ್ಲಗೆ ಎತ್ತಿ ತಿರುಗಿಸಿದರೆ ಕೆಳಗೆ ಹುಳುಗಳ ಸಂಸಾರ. ಮೇಫ್ಲೈ ಮರಿಗೆ ಬಾಲದಲ್ಲಿ ಸಾಮಾನ್ಯವಾಗಿ ಮೂರು ಎಳೆ, ಸ್ಟೋನ್‌ಫ್ಲೈ ಮರಿಗೆ ಎರಡು. ಕ್ಯಾಡಿಸ್ ಅನ್ನುವ ಇನ್ನೊಂದು ಹುಳುವಿನ ಕೆಲವು ಜಾತಿಗಳು ಮರಳಿನ ಕಾಳು ಅಂಟಿಸಿ ತನ್ನ ಸುತ್ತ ಒಂದು ಗೂಡು ಕಟ್ಟಿಕೊಂಡಿರುತ್ತವೆ. ಎಂಥ ಕೈಕೆಲಸ ಅಂತೀರಿ! ಕೆಟ್ಟ ನೀರಿನಲ್ಲಿ ಇವುಗಳಲ್ಲಿ ಹೆಚ್ಚಿನವು ಬಾಳುವುದಿಲ್ಲ. ಹೂಳು ತುಂಬಿದರೆ ಕಲ್ಲಿನ ಕೆಳಗೆ ಜಾಗವೇ ಇರುವುದಿಲ್ಲ. ನೀರು ಬಿಸಿಯಾದರೆ ಉಸಿರು ಸಾಲದು. 10 ಡಿಗ್ರಿಯಲ್ಲಿ ಒಂದು ಲೀಟರ್ ನೀರು 11 ಮಿಲಿಗ್ರಾಂನಷ್ಟು ಆಮ್ಲಜನಕ ಹಿಡಿಯಬಲ್ಲದು, 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ದಂಡೆಯ ಮರದ ನೆರಳು ಬೇಕಾಗುವುದು ಇದಕ್ಕೇ. ಮೊದಲ ವರ್ಷ ನಮಗೆ ಸಿಕ್ಕದ್ದು ಕೆಂಪು ಎಳೆಹುಳು, ಜಿಗಣೆ. ನಾಲ್ಕನೇ ವರ್ಷ ಮೂರೆಳೆಯ ಬಾಲದ್ದು ಸಿಕ್ಕಿತು. ಅಕ್ಕ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಕನ್ನಡಕ ಏರಿಸಿ ಎಣಿಸಿದಳು. ಎರಡು ಸಲ.

ನಮ್ಮ ಪಾಲಿನ ದಂಡೆ ನಾನೂರು ಮೀಟರ್ ಮಾತ್ರ. ಮೇಲಿನವರು ಉಳುತ್ತಾ ದಂಡೆಗೇ ಬಂದರೆ ನಮ್ಮದು ಎಷ್ಟು ಚೆನ್ನಾಗಿದ್ದರೇನು? ಒಂದು ನದಿಯ ಜಾಲದ ಉದ್ದದಲ್ಲಿ ಹೆಚ್ಚುಪಾಲು ಇಂಥ ಹೆಸರಿಲ್ಲದ ಹಳ್ಳ, ತೊರೆಗಳೇ. ದೊಡ್ಡ ನದಿಯ ಮೇಲೆ ಯೋಜನೆ ಮಾಡುವವರಿಗೆ ಇವು ಕಣ್ಣಿಗೇ ಬೀಳುವುದಿಲ್ಲ. ಹಾಗಾಗಿ ಇಂಥ ಟ್ರಸ್ಟನ್ನು ಅಳೆಯುವಾಗ ಒಂದು ಜಮೀನು ಹೇಗೆ ಮಾಡಿದ್ದಾರೆ ಅಂತ ನೋಡಬೇಡಿ. ಪಕ್ಕದವರನ್ನು ಸೇರಿಸಿಕೊಂಡಿದ್ದಾರಾ ಅಂತ ನೋಡಿ.

ನಮ್ಮ ಮೇಲಿನ ಜಮೀನಿನ ಹಿರಿಯರು ಬಹಳ ದಿನ ಒಪ್ಪಲಿಲ್ಲ. “ಶಾಶ್ವತ ಗೀಶ್ವತ ನಂಗ್ ಬೇಡಪ್ಪ. ನನ್ ಮಕ್ಳು ನಾಳೆ ಬೈತಾರೆ” ಅಂದರು. ತಪ್ಪೇನಿಲ್ಲ. ಅವರಿಗೆ ಟ್ರಸ್ಟಿನವರು ಬೇರೆ ದಾರಿ ಇಟ್ಟರು, ವರ್ಷಗಳ ಲೆಕ್ಕದ ಕರಾರು. ಇದೂ ಬೇರೆ ಕಡೆ ನಡೆದದ್ದೇ. ಫ್ರಾನ್ಸಿನ ವಿಟ್ಟೆಲ್ ಅನ್ನುವಲ್ಲಿ ಬುಗ್ಗೆ ನೀರಿಗೆ ಗೊಬ್ಬರದ ನೈಟ್ರೇಟ್ ಇಳಿಯುತ್ತಿದೆ ಅಂತ ಗೊತ್ತಾದಾಗ, ನೀರಿನ ಕಂಪನಿ ಸುತ್ತಲಿನ ರೈತರ ಜೊತೆ 18ರಿಂದ 30 ವರ್ಷದ ಕರಾರು ಮಾಡಿಕೊಂಡಿತು. ಮೆಕ್ಕೆಜೋಳ ಬಿಡಿ, ಕೀಟನಾಶಕ ಬಿಡಿ, ಗೊಬ್ಬರ ಕೊಳೆಸಿ ಹಾಕಿ, ಬದಲಿಗೆ ದುಡ್ಡು ಮತ್ತು ಸಹಾಯ ಕೊಡುತ್ತೇವೆ ಅಂತ. ಜರ್ಮನಿಯ ಮ್ಯೂನಿಕ್ ನಗರ 1992ರಿಂದ ಮಾಂಗ್‌ಫಾಲ್ ಕಣಿವೆಯಲ್ಲಿ ಸಾವಯವಕ್ಕೆ ಬಂದ ರೈತರಿಗೆ ಹಣ ಕೊಡುತ್ತಿದೆ. ಹಿರಿಯರು ಕೇಳಿದ್ದು ಒಂದೇ, “ದುಡ್ಡು ಮಧ್ಯದಲ್ಲಿ ನಿಂತರೆ?” ಒಳ್ಳೇ ಪ್ರಶ್ನೆ. ನೀವೂ ಕೇಳಿ. ಈಕ್ವೆಡಾರಿನ ಕೀಟೋ ನಗರದಲ್ಲಿ 2000ನೇ ಇಸವಿಯಲ್ಲಿ ಒಂದು ನೀರಿನ ನಿಧಿ ಮಾಡಿದರು. ಜನ ಕಟ್ಟುವ ನೀರಿನ ಬಿಲ್ಲಿನ ದುಡ್ಡಿನಲ್ಲಿ ಶೇಕಡಾ 2 ಅದಕ್ಕೆ ಹೋಗುತ್ತದೆ, ಅಲ್ಲಿಂದ ಮೇಲಿನ ಹುಲ್ಲುಗಾವಲು ಕಾಯುವ ಕೆಲಸಕ್ಕೆ. ಹೀಗೆ ಕಟ್ಟುನಿಟ್ಟಾದ ಮೂಲ ಇದ್ದರೆ ಧೈರ್ಯ. ಬರೀ ದಾನಿಗಳ ಮೇಲೆ ನಿಂತಿದ್ದರೆ ಸ್ವಲ್ಪ ಯೋಚಿಸಿ. ನಮ್ಮ ಟ್ರಸ್ಟಿನವರು ವರ್ಷದ ಭೇಟಿಗೆ ಅಂತಲೇ ಬೇರೆ ಇಟ್ಟ ನಿಧಿಯ ಕಾಗದ ತೋರಿಸಿದರು. ಹಿರಿಯರು ಹದಿನೈದು ವರ್ಷಕ್ಕೆ ಸಹಿ ಹಾಕಿದರು.

ಯಾರಿಗೆ ಇದು ಬೇಡ? ಮುಂದೆ ಹಳ್ಳದ ಪಕ್ಕ ಮನೆ ಕಟ್ಟಿ ಮಾರುವ ಆಸೆ ಇದ್ದವರಿಗೆ ಬೇಡ. ಆಮೇಲೆ ಜಗಳ ಗ್ಯಾರಂಟಿ. ಜಮೀನಿನಲ್ಲಿ ಪಾಲುದಾರರು ಜಾಸ್ತಿ ಇದ್ದು ಒಬ್ಬರಿಗಾದರೂ ಮನಸ್ಸಿಲ್ಲದಿದ್ದರೆ ಬೇಡ. ಸಹಿ ಹಾಕಿದರೆ ಕೆಲಸ ಮುಗಿಯಿತು ಅಂದುಕೊಳ್ಳುವವರಿಗೂ ಬೇಡ. ಬೇಲಿ ಹರಿದರೆ ಮೊದಲು ನೋಡುವವರು ನೀವೇ, ಟ್ರಸ್ಟಿನವರಲ್ಲ.

ಒಟ್ಟು ಐದರಲ್ಲಿ ಮೂರೂವರೆ. ಕಾಗದದ ವಿಳಂಬ ಮತ್ತು ಆ ಪ್ಲಾಸ್ಟಿಕ್ ಇಲ್ಲದಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ. ಈಚೆಗೆ ಹೊಸ ಸಸಿಗಳಿಗೆ ಪ್ಲಾಸ್ಟಿಕ್ ಬಿಟ್ಟು ತಂತಿ ಜಾಲರಿ ಹಾಕುತ್ತಿದ್ದಾರೆ, ಅದೂ ಮಳೆಗಾಲ ಮುಗಿದ ಮೇಲೆ. ಯಾರು ಹೇಳಿ ಬದಲಾಯಿಸಿದರೋ ಗೊತ್ತಿಲ್ಲ, ನನ್ನ ಮೇಲ್‌ಗೆ ಮಾತ್ರ ಇನ್ನೂ ಉತ್ತರ ಬಂದಿಲ್ಲ.

ಮುಂದಿನ ವಾರ ಏಳನೇ ಭೇಟಿ. ಮೇಲಿನ ಹಿರಿಯರ ಜಮೀನಿಗೂ ಮೂಗಿನ ಪಂಪ್ ಬಂದಿದೆಯಂತೆ, ಅದೇ ಕಳಪೆ ಫುಟ್‌ವಾಲ್ವ್ ಜೊತೆಗೆ. ಹಿತ್ತಾಳೆಯದು ಒಂದು ತೆಗೆದಿಟ್ಟಿದ್ದೇನೆ.